ಇದ್ದಲಿ ಬಸ್ಸಿನ ಕೂಸು

ಸಾಹುಕಾರ ದೊಡ್ಡಬಸಪ್ಪನ ಬಸ್ಸಿಗೆ ಮೈಲಿಗೆ ಯಾವಾಗ ತಟ್ಟುತ್ತದೆ, ಯಾವಾಗ ತಟ್ಟುವುದಿಲ್ಲ ಎಂಬುದು ಇಡೀ ಕಿನ್ನಾಳದಲ್ಲಿ ಅವನ ಅಕ್ಕ ಗುರುಲಿಂಗಮ್ಮನೊಬ್ಬಳಿಗೇ ಗೊತ್ತಿತ್ತು. ಅವಳು ಓದಿದವಳಲ್ಲ. ಆದರೂ ಕೇಳಿದವರಿಗೆ ತಡವರಿಸದೆ ಹೇಳುತ್ತಿದ್ದಳು. ಮಾದರ ಪಾರಮ್ಮ ಬಸ್ಸಿನ ಹಿಂದಿನ ಬೆಂಕಿ ಪೀಪಾಯಿ ಮುಟ್ಟಿದರೆ ಮೈಲಿಗೆಯಿಲ್ಲ, ಅದರೊಳಗೆ ಬೆಂಕಿಯಿದೆ. ಹಿಂದಿನ ಮೆಟ್ಟಿಲ ಮೇಲೆ ನಿಂತರೆ ಮೈಲಿಗೆಯಿಲ್ಲ, ಅದು ಕಬ್ಬಿಣ. ಹಳ್ಳದ ಉಸುಕಿನಲ್ಲಿ ಗಾಲಿ ಹೂತಾಗ ಕೇರಿಯವರು ನೂಕಿದರೆ ಮೈಲಿಗೆಯಿಲ್ಲ, ಬಸ್ಸು ಮುಂದಕ್ಕೆ ಹೋಗುತ್ತದೆ, ಮೈಲಿಗೆ ಹಿಂದೆ ಉಳಿಯುತ್ತದೆ. ಒಳಗಿನ ಹಲಗೆಯ ಮೇಲೆ ಕುಳಿತರೆ ಮಾತ್ರ ಮೈಲಿಗೆ. ಹಲಗೆ ಕಟ್ಟಿಗೆಯದು, ಕಟ್ಟಿಗೆ ಹೀರಿಕೊಳ್ಳುತ್ತದೆ.

ಇದ್ದಲಿಯೂ ಒಂದು ಕಾಲಕ್ಕೆ ಕಟ್ಟಿಗೆಯೇ ಆಗಿತ್ತಲ್ಲ ಎಂದು ಪಾರಮ್ಮನಿಗೆ ಅನ್ನಿಸುತ್ತಿತ್ತು. ಆದರೆ ಅನ್ನಿಸಿದ್ದನ್ನೆಲ್ಲ ಆಡಿದರೆ ಮನೆಗೆ ಜೋಳ ಬರುವುದಿಲ್ಲ. ಆಡಿರಲಿಲ್ಲ.

ಅದು ಲಡಾಯಿಯ ಕಾಲ. ಜರ್ಮನಿಯವರು ಎಲ್ಲೋ ಬಡಿದಾಡುತ್ತಿದ್ದರು, ಇಲ್ಲಿ ಕೊಪ್ಪಳ ಸೀಮೆಯಲ್ಲಿ ಪೆಟ್ರೋಲು ಮಾಯವಾಗಿತ್ತು. ದೊಡ್ಡಬಸಪ್ಪ ಹೈದರಾಬಾದಿನಿಂದ ಮಿಸ್ತ್ರಿಯನ್ನು ಕರೆಸಿ ತನ್ನ ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಪೀಪಾಯಿ ಕೂಡಿಸಿದ. ಅದರ ಬಾಯಿಗೆ ಇದ್ದಲಿ ಸುರಿಯಬೇಕು, ಕೆಳಗೆ ಬೆಂಕಿ ಹಚ್ಚಬೇಕು, ಪಕ್ಕದಲ್ಲಿದ್ದ ಕೈಚಕ್ರ ತಿರುವಿ ಗಾಳಿ ಹಾಕಬೇಕು. ಹೊಗೆಯಿಂದ ಹುಟ್ಟಿದ ಗ್ಯಾಸು ಕೊಳವೆ ಹಿಡಿದು ಇಂಜಿನ್ನಿಗೆ ಹೋಗುತ್ತದೆ, ಬಸ್ಸು ಓಡುತ್ತದೆ. ಓಡುತ್ತದೆ ಎಂದು ದೊಡ್ಡಬಸಪ್ಪ ಹೇಳುತ್ತಿದ್ದ. ಎಮ್ಮೆ ಮೇಯಿಸುವವರು ಒಳಗಿನವರ ಜೊತೆ ಮಾತಾಡುತ್ತ ಅದರ ಪಕ್ಕದಲ್ಲೇ ನಡೆದು ಬರುತ್ತಿದ್ದರು.

ಆ ಓಟದ ಹಿಂದೆ ಪಾರಮ್ಮನ ಮೈಯಿತ್ತು. ಜಾಲಿ ಕಡಿಯುವವಳು ಅವಳು. ಕುಣಿ ತೋಡಿ, ಕಟ್ಟಿಗೆ ಒಟ್ಟಿ, ಮೇಲೆ ಮಣ್ಣು ಮೆತ್ತಿ ಎರಡು ದಿನ ಕಾಯ್ದು ಸುಡುವವಳು ಅವಳು. ಸುಟ್ಟದ್ದನ್ನು ಲಿಂಬೆಹಣ್ಣಿನಷ್ಟು ಒಡೆದು, ಜರಡಿ ಹಿಡಿದು, ಚೀಲ ಕಟ್ಟಿ, ತಲೆಯ ಮೇಲೆ ಹೊತ್ತು ತರುವವಳೂ ಅವಳೇ. ಕೋಳಿ ಕೂಗುವ ಹೊತ್ತಿಗೆ ಪೀಪಾಯಿಗೆ ಬೆಂಕಿ ಇಟ್ಟು, ಸೇರು ಜೋಳ ಬೀಸುವಷ್ಟು ಹೊತ್ತು ಚಕ್ರ ತಿರುವಬೇಕು. ಅಂಗೈಯ ಗುಳ್ಳೆ ಒಡೆದು, ಒಣಗಿ, ಮತ್ತೆ ಗುಳ್ಳೆ ಎದ್ದು, ಈಗ ಅಲ್ಲಿ ತೊಗಲೇ ಬೇರೆಯಾಗಿತ್ತು. ಉಗುಳಿದರೆ ಕಪ್ಪು. ಬೆವರೂ ಕಪ್ಪು. ದಿನಕ್ಕೆ ಒಂದು ಸೇರು ಜೋಳ, ಜೊತೆಗೆ ಮಗಳು ಹುಲಿಗೆವ್ವ ಬಸ್ಸಿನಲ್ಲಿ ಕೊಪ್ಪಳದ ಸಾಲಿಗೆ ಹೋಗಿ ಬರಬಹುದು ಎಂಬ ಮಾತಾಗಿತ್ತು. ಆ ಮಾತು ಆಡಿಸಿದವನು ಡ್ರೈವರ್ ಮಕ್ಬುಲಸಾಬ.

ಜೋಳಕ್ಕಾಗಿ ಅಲ್ಲ, ಆ ಎರಡನೆಯದಕ್ಕಾಗಿಯೇ ಪಾರಮ್ಮ ಇದ್ದಲಿಯಲ್ಲಿ ಹೊರಳಾಡಿದ್ದು. ಹುಲಿಗೆವ್ವ ಒಂಬತ್ತು ವರ್ಷದ ಹುಡುಗಿ. ಊರ ಸಾಲಿಯ ಜಗುಲಿಯ ಕೆಳಗೆ ಕುಳಿತು, ಒಳಗಿನವರು ಕೂಗಿದ್ದನ್ನು ಹೊರಗೆ ಉಸುಕಿನಲ್ಲಿ ಬರೆದು ಅಕ್ಷರ ಕಲಿತವಳು. ಒಳಗೆ ಕುಳಿತವರಿಗಿಂತ ಮೊದಲೇ ಕಲಿತಳು. ಕೊಪ್ಪಳದ ಹುಡುಗಿಯರ ಸಾಲಿಯಲ್ಲಿ ಪಾಠ ಹೇಳುವ ಉಸ್ತಾನಿ ನಸೀಮಾಬಿ ಅವಳನ್ನು ಜಾತಿ ಕೇಳದೆ ಚಾಪೆಯ ಮೇಲೆ ಕೂಡಿಸಿದ್ದಳು. ಮತ್ತೆ ಪಾರಮ್ಮನಿಗೆ ಏನು ಬೇಕು?

ಬೇಕಾದದ್ದು ಒಂದಿತ್ತು. ದಾರಿಯಲ್ಲಿ ಮಗಳು ಬದುಕಿ ಉಳಿಯಬೇಕಿತ್ತು.

ಬಸ್ಸಿನ ಒಳಗೆ ಸಾಲಿಗೆ ಹೋಗುವ ಮಕ್ಕಳು ಏಳೆಂಟು. ಅವರಲ್ಲಿ ದೊಡ್ಡಬಸಪ್ಪನ ಮಗಳು ಪಂಪಾವತಿಯೂ ಒಬ್ಬಳು, ಹುಲಿಗೆವ್ವನ ವರ್ಗದವಳೇ. ಮಕ್ಕಳನ್ನು ಕಾಯಲು ಗುರುಲಿಂಗಮ್ಮ ದಿನವೂ ಬರುತ್ತಿದ್ದಳು. ಹುಲಿಗೆವ್ವನ ಜಾಗ ಮಾತ್ರ ಹೊರಗೆ, ಪೀಪಾಯಿಯ ಪಕ್ಕದ ಕಬ್ಬಿಣದ ಮೆಟ್ಟಿಲ ಮೇಲೆ, ತಾಯಿಯ ಕಾಲ ಬುಡದಲ್ಲಿ. ಬೀಳಬಾರದೆಂದು ಪಾರಮ್ಮ ಹಳೆಯ ಸೀರೆ ಹರಿದು ಅವಳನ್ನು ಬಸ್ಸಿನ ನೆತ್ತಿಗೆ ಹತ್ತುವ ಏಣಿಗೆ ಕಟ್ಟುತ್ತಿದ್ದಳು, ದನ ಕಟ್ಟಿದ ಹಾಗೆ. ಪೀಪಾಯಿಯ ಬಿಸಿಗೆ ಹುಡುಗಿಯ ಬಲಮಗ್ಗುಲು ಕಾಯುತ್ತಿತ್ತು. ಲಂಗದ ಅಂಚು ಎರಡು ಸಲ ಸುಟ್ಟಿತ್ತು, ಕಾಲಿನ ಮೀನಖಂಡದ ಮೇಲೆ ರೂಪಾಯಿಯಗಲದ ಕಲೆ. ಅದಕ್ಕಿಂತ ಕೆಟ್ಟದ್ದು ಹೊಗೆ. ಕೊಪ್ಪಳ ಮುಟ್ಟುವ ಹೊತ್ತಿಗೆ ಹುಡುಗಿಯ ಕಣ್ಣು ತೇಲುತ್ತಿದ್ದವು. ಇಳಿದವಳೇ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಈ ಹುಡುಗಿ ಪಾಠದಲ್ಲಿ ತೂಕಡಿಸುತ್ತಾಳೆ, ಮನೆಯಲ್ಲಿ ಹೊಟ್ಟೆಗೆ ಹಾಕುವುದಿಲ್ಲವೋ ಹೇಗೆ ಎಂದು ನಸೀಮಾಬಿ ಹೇಳಿ ಕಳಿಸಿದಳು.  ಅದಕ್ಕೆ ಉತ್ತರ ಹೇಳಬೇಕಾದವಳು ಪಾರಮ್ಮನಲ್ಲ, ಸಾಹುಕಾರನ ಮನೆಯವರು.

ಹೋದ ವಾರ ಹುಡುಗಿ ಹೊಗೆಗೆ ಎಚ್ಚರ ತಪ್ಪಿ ಏಣಿಯಿಂದ ಜೋತುಬಿದ್ದಳು. ಹಿಂದೆ ಬಂಡಿಯೊಂದು ಬರುತ್ತಿತ್ತು. ಸೀರೆಯ ಚಿಂದಿ ಗಟ್ಟಿಯಿತ್ತು, ಅಷ್ಟೇ. ಪಾರಮ್ಮ ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಮಗಳ ಜಡೆ ಹಿಡಿದು ಕೊಪ್ಪಳದವರೆಗೆ ನಿಂತಳು. ಅವಳಿಗೆ ಸಿಟ್ಟು ಹುಟ್ಟಿತು. ಮಣ್ಣು ಮುಚ್ಚಿದ ಕುಣಿಯ ಬೆಂಕಿಯಂಥ ಸಿಟ್ಟು. ಮೇಲೆ ಏನೂ ಕಾಣುತ್ತಿರಲಿಲ್ಲ.

ಅದೇ ವಾರ ಬಸ್ಸಿನೊಳಗೂ ಒಂದು ಅನಾಹುತವಾಯಿತು. ಪಂಪಾವತಿ ಕಿಟಕಿಯ ಹೊರಗೆ ಕೈ ಹಾಕಿದ್ದಳು, ದಾರಿಬದಿಯ ಜಾಲಿ ಮುಳ್ಳು ಗೀರಿತು. ಮೊಣಕೈಯಿಂದ ಮುಂಗೈವರೆಗೆ ಒಂದು ಗೆರೆ, ನಾಲ್ಕು ಹನಿ ರಕ್ತ. ಗುರುಲಿಂಗಮ್ಮ ಬಸ್ಸು ನಿಲ್ಲಿಸಿ ಅರಿಸಿನ ಹಚ್ಚಿದಳು, ದೃಷ್ಟಿ ತೆಗೆದಳು, ಮಕ್ಬುಲಸಾಬನನ್ನು ಬೈದಳು, ಜಾಲಿ ಗಿಡವನ್ನೂ ಬೈದಳು. ಮನೆಗೆ ಬಂದು ತಮ್ಮನ ಮುಂದೆ ಅತ್ತಳು. ದೊಡ್ಡಬಸಪ್ಪ ಮಕ್ಕಳೆಂದರೆ ಕರಗುವ ಮನುಷ್ಯ, ಅದರಲ್ಲಿ ಸುಳ್ಳಿಲ್ಲ. ಮಕ್ಕಳ ರಕ್ಷಣೆಗೆ ಕಾಯಿದೆ ಬೇಕು ಎಂದ. ಊರಲ್ಲೇ ಗೊಂಬೆಗಳಿಗೆ ಬಣ್ಣ ಹಚ್ಚುವ ಚಿತ್ರಗಾರನನ್ನು ಕರೆಸಿ ಬಸ್ಸಿನ ಮೇಲೆ ಬರೆಸಿದ.

ಗೊಂಬೆಗೆ ಹಚ್ಚಿ ಉಳಿದ ಹಳದಿ, ಕೆಂಪು ಬಣ್ಣದಲ್ಲೇ ಬರೆದ ಚಿತ್ರಗಾರ, ನಾಲ್ಕೂ ಮೂಲೆಗೆ ಗಿಳಿ ಕೂಡಿಸಿದ. ಮಕ್ಕಳು ಕಿಟಕಿಯ ಹೊರಗೆ ಕೈ ಹಾಕಬಾರದು. ಬಸ್ಸು ನಿಲ್ಲುವ ಮೊದಲು ಇಳಿಯಬಾರದು. ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಬೆಂಕಿ ಪೀಪಾಯಿಯ ಹತ್ತಿರ ಮಕ್ಕಳು ಯಾರೂ ಇರಕೂಡದು. ಬಸ್ಸಿನ ಎರಡೂ ಮಗ್ಗುಲಲ್ಲಿ ಕಿಟಕಿ, ಮುಂದೆ ಗಾಜು. ಬರೆಯುವಷ್ಟು ಅಗಲ ಜಾಗವಿದ್ದದ್ದು ಹಿಂದೆ, ಪೀಪಾಯಿಯ ಪಕ್ಕದಲ್ಲಿ, ಮೆಟ್ಟಿಲಿನ ಮೇಲೆ. ಅಂದರೆ ಸರಿಯಾಗಿ ಹುಲಿಗೆವ್ವನ ತಲೆಯ ಮೇಲೆ. ಬರೆಸಿದವನಿಗೆ ಇದು ಹೊಳೆಯಲಿಲ್ಲ. ಬರೆದವನಿಗೆ ಹೊಳೆದಿರಬೇಕು, ಆದರೆ ಗಿಳಿಯ ಕೊಕ್ಕಿನ ಕಡೆ ಅವನಿಗೆ ಹೆಚ್ಚು ಲಕ್ಷ್ಯ.

ಮರುದಿನ ಬೆಳಿಗ್ಗೆ ಕಾಯಿದೆಗೆ ಕಾಯಿ ಒಡೆದರು. ಬಸ್ಸಿಗೆ ಮಾಲೆ ಹಾಕಿದರು. ದೊಡ್ಡಬಸಪ್ಪ ತಾನೂ ಕೊಪ್ಪಳಕ್ಕೆ ಹೊರಟು ಡ್ರೈವರನ ಪಕ್ಕದಲ್ಲಿ ಕುಳಿತ. ಹಿಂದೆ ಪಾರಮ್ಮ ಚಕ್ರ ತಿರುವುತ್ತಿದ್ದಳು. ಹುಲಿಗೆವ್ವ ಕತ್ತೆತ್ತಿ ಒಂದೊಂದೇ ಸಾಲು ಓದಿದಳು. ನಾಲ್ಕನೆಯದಕ್ಕೆ ಬಂದು ನಿಂತಳು.

"ಅವ್ವಾ, ಪೀಪಾಯಿ ಹತ್ರ ಮಕ್ಕಳು ಯಾರೂ ಇರಬಾರದಂತ. ನಾ ಎಲ್ಲಿ ಕುಂಡ್ರಲಿ?"

ಪಾರಮ್ಮ ಇನ್ನೊಮ್ಮೆ ಓದಿಸಿದಳು. ಆಮೇಲೆ ಮತ್ತೊಮ್ಮೆ. ಯಾರು ಬರೆಸಿದ್ದು ಎಂದು ಕೇಳಿದಳು. ಸಾವ್ಕಾರ್ರು ಎಂದಳು ಮಗಳು. ಪಾರಮ್ಮ ಎಂದಿನಂತೆ ಅವಳನ್ನು ಏಣಿಗೆ ಕಟ್ಟಿದಳು, ಬಸ್ಸು ಹೊರಟಿತು.

ಕಿನ್ನಾಳ ಬಿಟ್ಟು ಸ್ವಲ್ಪ ದೂರಕ್ಕೆ ಹಿರೇಹಳ್ಳ. ದಾರಿ ಹಳ್ಳಕ್ಕಿಳಿದು, ಉಸುಕು ದಾಟಿ, ಆಚೆಯ ಏರು ಹತ್ತಬೇಕು. ಬಸ್ಸು ಇಲ್ಲಿ ದಿನವೂ ನಿಲ್ಲುತ್ತಿತ್ತು. ಅದಕ್ಕೆಂದೇ ಪಾರಮ್ಮನ ಮೈದುನ ಮುದುಕಪ್ಪ ಮತ್ತು ಕೇರಿಯ ನಾಲ್ವರು ಬಸ್ಸಿನ ನೆತ್ತಿಯ ಮೇಲೆ ಕುಳಿತು ಬರುತ್ತಿದ್ದರು. ಕೊಪ್ಪಳಕ್ಕೆ ಕೂಲಿಗೆ ಹೋಗುವವರು, ನೂಕಿದ್ದೇ ಅವರ ಟಿಕೀಟು. ಅವರು ನೂಕಬೇಕು, ಪಾರಮ್ಮ ಹೊಸ ಇದ್ದಲಿ ಸುರಿದು ಚಕ್ರ ತಿರುವಬೇಕು, ಆಗ ಏರು ಹತ್ತುವಷ್ಟು ಗ್ಯಾಸು ಬರುತ್ತಿತ್ತು.

ಅಂದೂ ಬಸ್ಸು ಉಸುಕಿನ ನಡುವೆ ಕೆಮ್ಮಿ ನಿಂತಿತು. ಪಾರಮ್ಮ ಕೆಳಗಿಳಿದಳು. ಮಗಳ ಗಂಟು ಬಿಚ್ಚಿದಳು. ಇದ್ದಲಿ ಚೀಲವನ್ನು ಉಸುಕಿನ ಮೇಲೆ ಇಳಿಸಿ, ಅದರ ಮೇಲೆ ಕುಳಿತಳು.

ಟಿಕೀಟು ಹರಿಯುವ ಗುಮಾಸ್ತ ಹಂಪಣ್ಣ ಕಿಟಕಿಯಿಂದ ಇಣುಕಿ, ಚಕ್ರ ತಿರುವು, ಹೊತ್ತಾಯಿತು ಎಂದ. ಸಾವ್ಕಾರರನ್ನು ಒಂದು ಮಾತು ಕೇಳುವುದಿದೆ ಎಂದಳು ಪಾರಮ್ಮ. ಕುಳಿತೇ ಹೇಳಿದಳು. ಅದೇ ಮೊದಲು ಹಂಪಣ್ಣನಿಗೆ ಅರಗಲಿಲ್ಲ.

ದೊಡ್ಡಬಸಪ್ಪ ಇಳಿದು ಬಂದ.  ಈ ಮನುಷ್ಯ ಹೋಗು ಎಂದರೆ ಜೋಳ ಹೋಯಿತು, ಸಾಲಿಯೂ ಹೋಯಿತು. ಮಗಳು ನಾಳೆಯಿಂದ ಅವಳ ಹಾಗೆಯೇ ಜಾಲಿ ಕಡಿಯಬೇಕು. ಅದನ್ನೆಲ್ಲ ಅವಳು ದಾರಿಯಲ್ಲೇ ಯೋಚಿಸಿ ಮುಗಿಸಿದ್ದಳು.

"ಸಾವ್ಕಾರ್ರ, ಪೀಪಾಯಿ ಹತ್ರ ಮಕ್ಕಳು ಇರಬಾರದು ಅಂತ ಬರಸೀರಿ. ಭಾಳ ಛಲೋ ಮಾಡೀರಿ. ನನ್ನ ಮಗಳು ದಿನಾ ಅಲ್ಲೇ ಕುಂಡ್ರತಾಳ. ಅಕಿ ಕೂಸು ಹೌದೋ ಅಲ್ಲೋ, ಅಷ್ಟ ಹೇಳ್ರಿ."

ದೊಡ್ಡಬಸಪ್ಪ ನಕ್ಕ. ಕೆಟ್ಟ ನಗುವಲ್ಲ, ತಿಳಿಗೇಡಿಗಳಿಗೆ ತಿಳಿಸಿ ಹೇಳುವವರ ನಗು. ಅದು ಒಳಗೆ ಕುಳಿತ ಮಕ್ಕಳಿಗೆ ಬರೆಸಿದ್ದು ಎಂದ. ಒಳಗೆ ಕುಳಿತವರು ಪೀಪಾಯಿ ಹತ್ತಿರ ಹೇಗೆ ಬರುತ್ತಾರೆ ಎಂದು ಪಾರಮ್ಮ ಕೇಳಿದಳು.  ಅವನು ತಿರುಗಿ ಬರಹ ನೋಡಿದ, ಅದರ ಕೆಳಗಿನ ಮೆಟ್ಟಿಲು ನೋಡಿದ. ಆಮೇಲೆ ಗಿಳಿಗಳನ್ನು ನೋಡಿದ. ಗಿಳಿಗಳೂ ಏನೂ ಹೇಳಲಿಲ್ಲ.

ಒಳಗಿನಿಂದ ಗುರುಲಿಂಗಮ್ಮ, ಅಷ್ಟಕ್ಕೆ ಇಷ್ಟೇಕೆ, ಹುಡುಗಿಯನ್ನು ಮೇಲೆ ಕೇರಿಯವರ ಜೊತೆ ಹತ್ತಿಸು ಎಂದು ಪರಿಹಾರ ಕೊಟ್ಟಳು. ಪಂಪಾವತಿಯ ಕೈ ಗೀರಿದ ಜಾಲಿ ಮುಳ್ಳು, ಬಸ್ಸಿನ ಮೇಲೆ ಕುಳಿತವಳ ಕಣ್ಣು ಬಿಡುತ್ತದೆಯೇ ಎಂದು ಪಾರಮ್ಮ ಕೇಳಿದಳು. ಹಾಗಾದರೆ ಏನು ಮಾಡಬೇಕೆನ್ನುತ್ತೀ ಎಂದ ದೊಡ್ಡಬಸಪ್ಪ. ಒಳಗೆ ಕೂಡಿಸಿರಿ ಎಂದಳು.



ನೂಕಲು ಇಳಿದಿದ್ದ ಮುದುಕಪ್ಪ ಬಸ್ಸಿನ ಬೆನ್ನಿನಿಂದ ಕೈ ತೆಗೆದ. ಯಾರೂ ಹೇಳದೆಯೇ ಐವರೂ ಉಸುಕಿನಲ್ಲಿ ಕುಳಿತು ತಂಬಾಕಿನ ಚಂಚಿ ಬಿಚ್ಚಿದರು. ಮಕ್ಬುಲಸಾಬ ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕಿದ. ಹಿಂದೆ ಬೆಂಕಿ ಆರುತ್ತಿರುವಾಗ ಮುಂದೆ ನೋಡುವುದು ಏನಿತ್ತೋ, ತಲೆ ಮಾತ್ರ ಹೊರಗೆ ಬರಲಿಲ್ಲ.

ಗುರುಲಿಂಗಮ್ಮನಿಗೆ ರೇಗಿತು. ಇವಳೊಬ್ಬಳೇ ಚಕ್ರ ತಿರುವಲು ಹುಟ್ಟಿದವಳೇ, ನೀನು ತಿರುವು ಎಂದು ಹಂಪಣ್ಣನಿಗೆ ಅಪ್ಪಣೆ ಮಾಡಿದಳು. ಹಂಪಣ್ಣ ಧೋತರ ಎತ್ತಿ ಕಟ್ಟಿದ. ರಸೀತಿ ಹರಿಯುವ ಕೈ. ಪೀಪಾಯಿಯ ಮುಚ್ಚಳ ಮುಟ್ಟಿ ಸುಟ್ಟುಕೊಂಡ, ಊದಿಕೊಂಡ, ಮತ್ತೆ ಮುಟ್ಟಿದ. ಜರಡಿ ಹಿಡಿಯದ ಪುಡಿ ಇದ್ದಲಿಯನ್ನೇ ಒಳಗೆ ಸುರಿದ. ಅದು ಉರಿಯದೆ ಹೊಗೆ ಕಾರಿತು. ಮೆಟ್ಟಿಲ ಮೇಲೆ, ದಿನವೂ ಹುಲಿಗೆವ್ವ ಕೂರುವ ಕಡೆಯೇ ನಿಂತು ಅವನು ಚಕ್ರ ತಿರುವಿದ. ಇಪ್ಪತ್ತು ಸುತ್ತು ಜೋರಿನಿಂದ. ಆಮೇಲೆ ಹತ್ತು ಮೆಲ್ಲಗೆ. ಹೊಗೆ ಸಾಕು, ಕೆಳಗಿಳಿರಿ ಎಂದು ಪಾರಮ್ಮ ಎರಡು ಸಲ ಹೇಳಿದಳು. ಅವಳ ಮಾತು ಕೇಳಿ ಇಳಿಯುವುದೇ? ಇನ್ನೂ ತಿರುವಿದ. ಮುಖ ಬೆಳ್ಳಗಾಯಿತು, ಕಣ್ಣು ತೇಲಿದವು, ಬೆಳಗಿನ ರೊಟ್ಟಿಯೆಲ್ಲ ಹೊರಬಂತು. ಹಾಗೇ ಉಸುಕಿಗೆ ಬಿದ್ದ.

ಪಾರಮ್ಮ ಓಡಿಹೋಗಿ ಅವನ ರಟ್ಟೆ ಹಿಡಿದು ಗಾಳಿಗೆ ಎಳೆದಳು. ಸೆರಗಿನಿಂದಲೇ ಗಾಳಿ ಬೀಸಿದಳು. ಮುದುಕಪ್ಪ ಹಳ್ಳದ ನೀರು ತಂದು ಮುಖಕ್ಕೆ ಹಾಕಿದ. ಎಚ್ಚರ ತಪ್ಪಿದವನಿಗೆ ಮೈಲಿಗೆ ತಟ್ಟುತ್ತದೋ ಇಲ್ಲವೋ ಎಂಬುದು ಗುರುಲಿಂಗಮ್ಮನಿಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವಳು ಬಸ್ಸಿನಿಂದ ಇಳಿದು ಬಂದು, ಇವನಿಗೇನಾಯಿತು, ದೆವ್ವ ಬಡಿಯಿತೇ ಎಂದು ಗಾಬರಿಯಿಂದ ಕೇಳಿದಳು.

"ಏನಿಲ್ರಿ ಅವ್ವಾರ," ಎಂದಳು ಪಾರಮ್ಮ. "ನನ್ನ ಮಗಳಿಗೆ ದಿನಾ ಆಗೂದು ಇವತ್ತ ಇವರಿಗೆ ಆಗೇತಿ."

 ಕಿಟಕಿಯಲ್ಲಿ ಮಕ್ಕಳ ತಲೆಗಳು ಸಾಲಾಗಿದ್ದವು. ಕಾಯಿದೆ ನೆನಪಿಟ್ಟು ಒಬ್ಬರೂ ಕೈ ಹೊರಗೆ ಹಾಕಿರಲಿಲ್ಲ. ಹುಲಿಗೆವ್ವ ದಿನವೂ ಸಾಲಿಯ ಹಿಂದೆ ವಾಂತಿ ಮಾಡುತ್ತಾಳೆ, ಉಸ್ತಾನಿ ಲಿಂಬೆಹಣ್ಣು ಕೊಡುತ್ತಾಳೆ ಎಂದು ಪಂಪಾವತಿ ಅತ್ತೆಗೆ ವರದಿ ಒಪ್ಪಿಸಿದಳು. ಆಮೇಲೆ ಹಲಗೆಯ ಮೇಲೆ ಪಕ್ಕಕ್ಕೆ ಸರಿದು ಕುಳಿತಳು. ಲೆಕ್ಕ ಬಾರದ ಹುಡುಗಿ, ಹುಲಿಗೆವ್ವ ಪಕ್ಕದಲ್ಲಿದ್ದರೆ ದಾರಿಯಲ್ಲೇ ಪಾಟಿ ತುಂಬಿಸಿಕೊಳ್ಳಬಹುದಿತ್ತು. ಧರ್ಮದ ಕೆಲಸಕ್ಕೆ ಕಾರಣ ಯಾವುದಾದರೇನು.

ದೊಡ್ಡಬಸಪ್ಪ ಕಿಸೆಯ ಗಡಿಯಾರ ತೆಗೆದ. ಬಸ್ಸಿನಲ್ಲಿ ಟಪಾಲಿನ ಚೀಲವಿತ್ತು. ಅದು ಹೊತ್ತಿಗೆ ಸರಿಯಾಗಿ ಕೊಪ್ಪಳ ಮುಟ್ಟದಿದ್ದರೆ ಪರವಾನಗಿಗೆ ಕುತ್ತು. ಹಂಪಣ್ಣ ಉಸುಕಿನ ಮೇಲೆ ನರಳುತ್ತಿದ್ದ. ಏರಿನ ಮೇಲೆ ಸಂತೆಗೆ ಹೊರಟ ಮಂದಿ ನಿಂತು, ಕಾಸಿಲ್ಲದೆ ತಮಾಷೆ ನೋಡುತ್ತಿದ್ದರು. ಅಕ್ಕನ ಕಡೆ ನೋಡಿದ. ಅವಳು ಕೊನೆಯ ಪ್ರಯತ್ನವೆಂಬಂತೆ, ಬೇಕಾದರೆ ನೆಲದ ಮೇಲೆ ಚೀಲ ಹಾಸಿ ಕೂಡಿಸೋಣ ಎಂದಳು. ಪಾರಮ್ಮ ಒಪ್ಪಲಿಲ್ಲ. ಹಲಗೆಯ ಮೇಲೆ ಎಂದಳು. ಆಗಲಿ, ಇವತ್ತೊಂದು ದಿನ ಕೂರಲಿ ಎಂದ ದೊಡ್ಡಬಸಪ್ಪ, ದಾನ ಕೊಟ್ಟವನಂತೆ.

ಪಾರಮ್ಮ ಎದ್ದಳು. ಚಕ್ರದ ಹಿಡಿಕೆಗೆ ಕೈ ಹಚ್ಚಿದಳು. ತಿರುವಲಿಲ್ಲ.

"ಇವತ್ತಿನ ಮಟ್ಟಿಗೆ ಕೂಸು, ನಾಳಿಗೆ ಇದ್ದಲಿ ಚೀಲ ಏನ್ರಿ? ನಾ ಕೇಳಿದ್ದಕ್ಕ ನೀವಿನ್ನೂ ಹೇಳವಲ್ರಿ, ಸಾವ್ಕಾರ್ರ."

ಮಗಳು ಜೋತುಬಿದ್ದ ದಿನದಿಂದ ಮುಚ್ಚಿಟ್ಟ ಸಿಟ್ಟು ಆ ಮಾತಿನಲ್ಲಿತ್ತು. ದನಿ ಎತ್ತರಿಸಿ ಆಡಲಿಲ್ಲ. ದೊಡ್ಡಬಸಪ್ಪ ಅತ್ತ ತಿರುಗಿ, ಮೀಸೆಯೊಳಗೇ, ಹೂಂ, ಕೂಸು ಎಂದ.

"ಇಂಜಿನ್ನಿನ ಸಪ್ಪಳದಾಗ ಕೇಳಸಲಿಲ್ರಿ. ಇನ್ನೊಮ್ಮೆ ಅನ್ರಿ."

ಇಂಜಿನ್ನು ಬಂದ್ ಆಗಿ ಒಂದು ತಾಸಿನ ಮೇಲಾಗಿತ್ತು. ಹಳ್ಳದಲ್ಲಿ ಗಾಳಿಯೂ ಇರಲಿಲ್ಲ. ಬಾನೆಟ್ಟಿನೊಳಗಿನಿಂದ ಮಕ್ಬುಲಸಾಬನ ಕೆಮ್ಮು ಕೇಳಿಸಿತು, ಅದು ಕೆಮ್ಮೋ ನಗುವೋ ತಿಳಿಯಲಿಲ್ಲ. ಎಲ್ಲರೂ ದೊಡ್ಡಬಸಪ್ಪನ ಬಾಯಿ ನೋಡುತ್ತಿದ್ದರು. ಅವನಿಗೆ ಬೆವರು ಬಂತು. ಬಸ್ಸಿಗೆ ಪೀಪಾಯಿ ಕೂಡಿಸಲು ಪಟ್ಟದ್ದಕ್ಕಿಂತ ಹೆಚ್ಚು ಕಷ್ಟಪಟ್ಟು, ಏರಿನ ಮೇಲಿನವರಿಗೂ ಕೇಳುವ ಹಾಗೆ ಹೇಳಿದ.

"ಪಾರಮ್ಮನ ಮಗಳೂ ಕೂಸು. ನಾಳಿಗೂ ಕೂಸು. ಹಲಗಿ ಮ್ಯಾಲೆ ಕುಂಡ್ರಲಿ."

ಹುಲಿಗೆವ್ವ ತಾಯಿಯ ಮುಖ ನೋಡಿದಳು. ಹೋಗು ಎಂದು ಪಾರಮ್ಮ ಕಣ್ಣಲ್ಲೇ ಹೇಳಿದಳು. ಹುಡುಗಿ ಪಾಟಿಚೀಲ ಎದೆಗವಚಿಕೊಂಡು ಮುಂದಿನ ಬಾಗಿಲಿನಿಂದ ಒಳಗೆ ಹತ್ತಿದಳು. ಗುರುಲಿಂಗಮ್ಮ ಸೆರಗು ಬಿಗಿದುಕೊಂಡು, ಕೊಪ್ಪಳದವರೆಗೆ ನಿಂತೇ ಬರುತ್ತೇನೆಂದು ಸಾರಿದಳು. ಯಾರೂ ಬೇಡವೆನ್ನಲಿಲ್ಲ. ಮುದುಕಪ್ಪನೂ ಅವನ ಜೊತೆಗಾರರೂ ಎದ್ದು ಉಸುಕು ಕೊಡವಿಕೊಂಡು ಬಸ್ಸಿನ ಬೆನ್ನಿಗೆ ಹೆಗಲು ಕೊಟ್ಟರು.

ಪಾರಮ್ಮ ಪುಡಿ ಇದ್ದಲಿ ತೆಗೆದು ಹಾಕಿ, ಜರಡಿ ಹಿಡಿದದ್ದನ್ನು ತುಂಬಿದಳು. ಚಕ್ರ ತಿರುವುವ ಮುಂಚೆ ಪಕ್ಕಕ್ಕೆ ಹೋಗಿ ಕಿಟಕಿಯಲ್ಲಿ ನೋಡಿದಳು. ಮಗಳು ಪಂಪಾವತಿಯ ಪಕ್ಕದಲ್ಲಿ ಕುಳಿತಿದ್ದಳು. ಬೆನ್ನು ಹಲಗೆಗೆ ತಾಗಿತ್ತು, ಎರಡೂ ಕಾಲು ಒಳಗಿದ್ದವು.